ಯಾರೂ ಬಿಡಿಸದ ಪರದೆಗಳು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಬಂದವು. ಆ ಗೆರೆ ಎಳೆಯುವ ಮುಂಚೆ ವಿಚಾರಣೆಗಳು ನಡೆದಿದ್ದವು, ಜನಗಣತಿಯ ಅಂಕಿಗಳನ್ನು ಎರಡೂ ಕಡೆಯವರು ತಮತಮಗೆ ಬೇಕಾದಂತೆ ಓದಿದ್ದರು, ಮಾತು ಕಾವೇರಿತ್ತು. ಒಪ್ಪಿದವರೂ ಒಪ್ಪದವರೂ ತಾವು ಏನನ್ನು ಒಪ್ಪುತ್ತಿದ್ದೇವೆ, ಏನನ್ನು ಒಪ್ಪುತ್ತಿಲ್ಲ ಎಂಬುದನ್ನಾದರೂ ಬಲ್ಲವರಾಗಿದ್ದರು.

ಅದೇ ಗೆರೆ ಈಗ ಇನ್ನೊಂದು ಜಾಗದಲ್ಲಿ ಬಂದು ಕೂತಿದೆ. ಮೊಬೈಲಿನಲ್ಲಿ ಯಾವುದೋ ಆ್ಯಪ್ ತೆರೆದು 'ರಾಜ್ಯ' ಎಂಬಲ್ಲಿ ಆಂಧ್ರಪ್ರದೇಶ ಎಂದು ಒತ್ತಿದರೆ ಮುಂದಿನ ಪರದೆ ತೆಲುಗಿನಲ್ಲಿ ಬರುತ್ತದೆ. ಎಟಿಎಂ ಮುಂದೆ ನಿಂತರೂ ಇಂಗ್ಲಿಷ್, ಹಿಂದಿ, ರಾಜ್ಯದ ಭಾಷೆ ಎಂಬ ಮೂರರ ಲೆಕ್ಕವೇ. ಅಂದು ಆಂಧ್ರಕ್ಕೆ ಹೋದ ಸೀಮೆಯ ಹೊಳಗುಂದದಲ್ಲಿ, ಹಾಲಹರ್ವಿಯಲ್ಲಿ, ಕೌತಾಳಂ ಸುತ್ತಿನ ಊರುಗಳಲ್ಲಿ ಮನೆಯೊಳಗೆ ಕನ್ನಡವಾಡಿ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತವರು ಈ ಲೆಕ್ಕದಲ್ಲಿ ಎಲ್ಲೂ ಸಿಗುವುದಿಲ್ಲ. ಆಂಧ್ರ ಸರ್ಕಾರವೇ ಅವರಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತದೆ, ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಸುತ್ತದೆ. ಮೊಬೈಲಿನ ಪರದೆಗೆ ಮಾತ್ರ ಅಷ್ಟು ಗೊತ್ತಿಲ್ಲ.

ಇದು ತೆಲುಗಿನ ಮೇಲಿನ ದೂರಲ್ಲ. ಆ ಸೀಮೆಯ ಜನ ಎರಡು ಭಾಷೆಯಲ್ಲಿ ನಿದ್ದೆಗಣ್ಣಲ್ಲೂ ಮಾತಾಡಬಲ್ಲರು. ಆದೋನಿ ಪೇಟೆಯಲ್ಲಿ ಉರ್ದು ಸೇರಿ ಮೂರು. ನನ್ನ ಕುತೂಹಲ ಬೇರೆ: ಈ ಎರಡನೆಯ ಗೆರೆಯನ್ನು ಎಳೆದವರು ಯಾರು? ಆ್ಯಪಿನ ಚೆಂದದ ಚಿತ್ರ ಬರೆದುಕೊಟ್ಟ ಡಿಸೈನರ್ ಖಂಡಿತ ಅಲ್ಲ. ಅವರ ಚಿತ್ರದಲ್ಲಿ 'ಭಾಷೆ ಆರಿಸಿ' ಎಂಬ ಪೆಟ್ಟಿಗೆ ಇದ್ದೀತು, ಅದರೊಳಗೆ ಏನಿರಬೇಕೆಂದು ಇದ್ದಿರಲಾರದು. ಕೋಡ್ ಬರೆದ ಡೆವಲಪರ್ ರಾಜ್ಯಕ್ಕೊಂದು ಭಾಷೆ ಎಂಬ ಕೋಷ್ಟಕ ತುಂಬಿ ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ. ಯಾರೂ ನಿರ್ಧರಿಸಿದ್ದಲ್ಲ, ಆದರೂ ನಿರ್ಧಾರ ಆಗಿಹೋಗಿದೆ. ಬಳಕೆದಾರರ ಅನುಭವ ಎಂದು ಈ ಕಸುಬಿನವರು ಕರೆಯುವ ಸಂಗತಿಯ ಮುಕ್ಕಾಲು ಪಾಲು ನಿಂತಿರುವುದು ಇಂಥ ನಿರ್ಧಾರಗಳ ಮೇಲೆ.

'ಬಳಕೆದಾರರ ಅನುಭವ' ಎಂಬ ಮಾತು ಚಾಲ್ತಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಡೊನಾಲ್ಡ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿ ತಮ್ಮ ಹುದ್ದೆಯ ಹೆಸರಿನಲ್ಲೇ ಅದನ್ನು ಸೇರಿಸಿಕೊಂಡರು. ಪರದೆಯ ಬಣ್ಣ, ಗುಂಡಿಯ ಆಕಾರ ಅವರ ಮನಸ್ಸಿನಲ್ಲಿದ್ದದ್ದರ ಒಂದು ತುಣುಕು ಮಾತ್ರ. ವಸ್ತುವನ್ನು ಕೊಂಡು, ಮನೆಗೆ ತಂದು, ಕೆಟ್ಟಾಗ ಸರಿಮಾಡಿಸಿಕೊಳ್ಳುವವರೆಗಿನ ಎಲ್ಲವೂ ಅದರಲ್ಲಿ ಸೇರಿತ್ತು. ನಮ್ಮಲ್ಲಿ ಆ ಮಾತು ಬರುವ ಹೊತ್ತಿಗೆ ಕಿರಿದಾಗಿ 'ಸ್ಕ್ರೀನ್ ಮಾಡಿಕೊಡುವ ಕೆಲಸ' ಆಗಿಬಿಟ್ಟಿತು. ಡಿಸೈನರ್ ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಹತ್ತಿಪ್ಪತ್ತು ಪರದೆಗಳನ್ನು ಬಿಡಿಸುತ್ತಾರೆ, ಸಾಹೇಬರು ನೋಡಿ ತಲೆಯಾಡಿಸುತ್ತಾರೆ, ಆಮೇಲೆ 'ಹ್ಯಾಂಡ್‌ಓವರ್' ಎಂಬ ಶಾಸ್ತ್ರ ನಡೆದು ಕಡತ ಡೆವಲಪರ್ ಕೈಗೆ ಹೋಗುತ್ತದೆ. ಅಲ್ಲಿಂದಾಚೆಗೆ ಇಬ್ಬರ ನಡುವೆ ಓಡಾಡುವ ಮಾತುಗಳು ಯಾವ ಕಚೇರಿಯಲ್ಲಾದರೂ ಒಂದೇ: 'ಇದು ಡಿಸೈನ್‌ನಲ್ಲಿ ಇರಲಿಲ್ಲ', 'ನಾನು ಕೊಟ್ಟದ್ದು ಹೀಗಿರಲಿಲ್ಲ'. ಎರಡೂ ನಿಜವೇ ಆಗಿರುತ್ತವೆ ಎನ್ನುವುದೇ ಇಲ್ಲಿಯ ತೊಡಕು.

ಡಿಸೈನರ್ ಬಿಡಿಸುವ ಪರದೆಗಳಲ್ಲಿ ಎಲ್ಲವೂ ಸುಸೂತ್ರವಾಗಿರುತ್ತದೆ. ನೆಟ್ ಇರುತ್ತದೆ, ಒಟಿಪಿ ತಕ್ಷಣ ಬರುತ್ತದೆ, ಹೆಸರು ಎರಡೇ ಪದದಲ್ಲಿ ಮುಗಿಯುತ್ತದೆ. ಬಿಡಿಸದೆ ಬಿಟ್ಟ ಪರದೆಗಳು ಇನ್ನೆಷ್ಟೋ ಇರುತ್ತವೆ: ಒಟಿಪಿ ಬರದಿದ್ದಾಗ, ಅರ್ಧದಲ್ಲಿ ನೆಟ್ ಹೋದಾಗ, ಎರಡು ದಾಖಲೆಯ ಹೆಸರು ತಾಳೆಯಾಗದಿದ್ದಾಗ, ಒಂದೇ ಫೋನಿನಿಂದ ನಾಲ್ಕು ಮನೆಯವರು ಅರ್ಜಿ ಹಾಕಿದಾಗ. ಅವುಗಳನ್ನು ತುಂಬುವವರು ಡೆವಲಪರ್. ತುಂಬುವುದು ತಾವು ವಿನ್ಯಾಸ ಮಾಡುತ್ತಿದ್ದೇವೆ ಎಂಬ ಅರಿವಿಲ್ಲದೆ, ಗಡುವಿನ ಹಿಂದಿನ ರಾತ್ರಿ, 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ' ಎಂಬ ಒಂದೇ ಸಾಲಿನಿಂದ. ಹಳ್ಳಿಯಲ್ಲಿ 'ಸರ್ವರ್ ಇಲ್ಲ' ಎಂಬ ಎರಡು ಪದಕ್ಕೆ ಇಳಿದಿರುವುದು ಈ ಸಾಲೇ.

ಆದೋನಿಯ ಹತ್ತಿಯನ್ನೇ ತೆಗೆದುಕೊಳ್ಳೋಣ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಅದೊಂದು; ಶೇಂಗಾ, ಔಡಲವೂ ಅಲ್ಲಿಗೇ ಬರುತ್ತವೆ. 2016ರ ಏಪ್ರಿಲ್ 14ರಂದು ಶುರುವಾದ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲದಲ್ಲಿ ಈ ಯಾರ್ಡೂ ಇದೆ. ಗೇಟಿನಲ್ಲಿ ನಮೂದು, ಲಾಟಿಗೊಂದು ಸಂಖ್ಯೆ, ವ್ಯಾಪಾರಿಗಳು ಕಂಪ್ಯೂಟರ್ ಅಥವಾ ಫೋನಿನಲ್ಲಿ ಹಾಕುವ ದರ, ತೂಕ, ಬಿಲ್ಲು ಎಂಬುದು ಅದರ ಕ್ರಮ. ಇದರ ಮೇಲೆ 2025ರ ಹಂಗಾಮಿಗೆ ಭಾರತೀಯ ಹತ್ತಿ ನಿಗಮ 'ಕಪಾಸ್ ಕಿಸಾನ್' ಎಂಬ ಆ್ಯಪ್ ತಂದಿತು. ಬೆಂಬಲ ಬೆಲೆಗೆ ಹತ್ತಿ ಮಾರಬೇಕಾದರೆ ರೈತ ಆಧಾರ್ ಮೂಲಕ ಅದರಲ್ಲಿ ನೋಂದಾಯಿಸಿಕೊಂಡು, ಮಾರುವ ದಿನಕ್ಕೆ ಸ್ಲಾಟ್ ಕಾದಿರಿಸಬೇಕು. ಆ ವರ್ಷ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710. ತೇವ ಶೇ 8 ಇದ್ದರೆ ಪೂರ್ಣ ಬೆಲೆ, ಅಲ್ಲಿಂದ 12ರವರೆಗೆ ಕಡಿತ, 12 ದಾಟಿದರೆ ಖರೀದಿಯೇ ಇಲ್ಲ.

ಸ್ಲಾಟ್ ಎಂಬ ಯೋಚನೆ ಕೆಟ್ಟದ್ದಲ್ಲ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು. ಆದರೆ ಸ್ಲಾಟಿನ ಪರದೆಯಲ್ಲಿ ತಾರೀಖು ಇರುತ್ತದೆ, ಮಳೆ ಇರುವುದಿಲ್ಲ. ಹತ್ತಿ ಬಿಡಿಸಲು ಆಳು ಸಿಕ್ಕ ದಿನ, ಟ್ರ್ಯಾಕ್ಟರ್ ಬಾಡಿಗೆಗೆ ದೊರೆತ ದಿನ, ಬಿಸಿಲು ಕಾಯ್ದು ತೇವ ಇಳಿದ ದಿನ, ಈ ಮೂರೂ ಒಂದಾದಾಗ ಮಾತ್ರ ರೈತನ ಸ್ಲಾಟ್. ಹಿಂದಿನ ರಾತ್ರಿ ಮಳೆ ಬಂದು ತೇವ ಹದಿನೈದಕ್ಕೆ ಏರಿದರೆ ಏನು ಮಾಡಬೇಕು? ಸ್ಲಾಟನ್ನು ಮುಂದೂಡುವ ಗುಂಡಿ ಎಲ್ಲಿರಬೇಕು, ಮುಂದೂಡಿದವನಿಗೆ ಸರದಿಯ ಕೊನೆಯೋ ಮರುದಿನದ ಮೊದಲೋ, ಬಿಟ್ಟುಕೊಟ್ಟ ಜಾಗವನ್ನು ಯಾರಿಗೆ ಕೊಡಬೇಕು? ಇವು ಬಣ್ಣದ ಪ್ರಶ್ನೆಗಳಲ್ಲ. ಅರ್ಧ ವಿನ್ಯಾಸ, ಅರ್ಧ ದತ್ತಾಂಶದ ರಚನೆ. ರದ್ದಾದ ಸ್ಲಾಟನ್ನು ದಾಖಲೆಯಿಂದ ಅಳಿಸಿಬಿಡಬೇಕೋ, 'ಮಳೆಯಿಂದ ತಪ್ಪಿತು' ಎಂದು ಉಳಿಸಿಕೊಳ್ಳಬೇಕೋ ಎಂಬುದನ್ನು ಡೇಟಾಬೇಸ್ ಕಟ್ಟುವ ಮೊದಲ ವಾರದಲ್ಲೇ ತೀರ್ಮಾನಿಸಬೇಕು. ಆ ವಾರ ಡಿಸೈನರ್ ಅಲ್ಲಿರದಿದ್ದರೆ ಆಮೇಲೆ ಅವರು ಎಷ್ಟು ಚೆಂದದ ಗುಂಡಿ ಬಿಡಿಸಿದರೂ ಅದರ ಹಿಂದೆ ಏನೂ ಇರುವುದಿಲ್ಲ. ಡೆವಲಪರ್ ಒಬ್ಬರೇ ಇದ್ದರೆ, ಮಳೆ ಎಂಬುದು ಅವರ ಕೋಷ್ಟಕದಲ್ಲಿ ಒಂದು ಕಾಲಮ್ ಆಗಬೇಕಿತ್ತು ಎಂದು ಹೇಳುವವರೇ ಇರುವುದಿಲ್ಲ.

ಹೆಸರಿನ ಗೋಜಲು ಇನ್ನೂ ಸ್ವಾರಸ್ಯದ್ದು. ಉರುಕುಂದದ ಈರಣ್ಣ ಸ್ವಾಮಿಯ ಹೆಸರಿಟ್ಟುಕೊಂಡವರು ಈ ಸೀಮೆಯ ಊರೂರಲ್ಲೂ ಸಿಗುತ್ತಾರೆ. ಆಧಾರಿನಲ್ಲಿ ಇಂಗ್ಲಿಷ್ ಎರಡು 'ಇ'ಯಿಂದ ಶುರುವಾಗುವ ಈರಣ್ಣ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಐ'ಯಿಂದ ಶುರುವಾಗಿ, ಪಹಣಿಯಲ್ಲಿ ತೆಲುಗಿನ ವೀರನ್ನನಾಗಿರಬಹುದು. ತೆಲುಗರ ಪದ್ಧತಿಯಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಕನ್ನಡದ ಮನೆಗಳಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಒಂದಕ್ಷರವಾಗಿ ಅಂಟಿಕೊಂಡಿರುತ್ತದೆ. ಈ ಮೂವರೂ ಒಬ್ಬನೇ ಎಂದು ಊರಿನ ನಾಯಿಗೂ ಗೊತ್ತು, ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡಿಗೆ ಗೊತ್ತಿಲ್ಲ. 'ಮೊದಲ ಹೆಸರು, ಕೊನೆಯ ಹೆಸರು' ಎಂದು ಎರಡು ಪೆಟ್ಟಿಗೆ ಬಿಡಿಸಿದ ಡಿಸೈನರಿಗೂ ಗೊತ್ತಿಲ್ಲ. ತಾಳೆಯಾಗಲಿಲ್ಲ ಎಂದರೆ ಕಾಣಿಸುವುದು 'ಕಚೇರಿಯನ್ನು ಸಂಪರ್ಕಿಸಿ' ಎಂಬ ಸಾಲು. ಯಾವ ಕಚೇರಿ? ಬೆಳೆ ನಮೂದು ಕೃಷಿ ಇಲಾಖೆಯದು, ಹೊಲ ಕಂದಾಯದ್ದು, ಗುರುತು ಆಧಾರಿನದು, ಹಣ ಬ್ಯಾಂಕಿನದು, ಖರೀದಿ ನಿಗಮದ್ದು, ತೂಕ ನಡೆಯುವುದು ಬಹುಮಟ್ಟಿಗೆ ಜಿನ್ನಿಂಗ್ ಮಿಲ್ಲಿನಲ್ಲಿ.

1968ರಲ್ಲಿ ಮೆಲ್ವಿನ್ ಕಾನ್ವೇ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ಒಂದು ಲೇಖನದಲ್ಲಿ, ಸಂಸ್ಥೆಯೊಂದು ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಸಂಪರ್ಕಗಳ ಪಡಿಯಚ್ಚೇ ಆಗಿರುತ್ತದೆ ಎಂದು ವಾದಿಸಿದ. ಆರು ಕಚೇರಿಗಳು ಒಂದರೊಡನೊಂದು ಮಾತಾಡದಿದ್ದರೆ ಆ್ಯಪಿನಲ್ಲಿ ಮಾತಾಡದ ಆರು ಪರದೆಗಳಿರುತ್ತವೆ. ಡಿಸೈನರ್ ಮತ್ತು ಡೆವಲಪರ್ ಬೇರೆ ಬೇರೆ ಮಹಡಿಯಲ್ಲಿ, ಬೇರೆ ಬೇರೆ ಗುತ್ತಿಗೆಯಲ್ಲಿ ಕೂತರೆ ನೋಟ ಒಂದು, ನಡೆ ಇನ್ನೊಂದು ಆಗಿರುತ್ತದೆ. ಕಾನ್ವೇ ಹೇಳಿದ್ದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಯಾವುದಾದರೂ ಸರ್ಕಾರಿ ಪೋರ್ಟಲಿನಲ್ಲಿ ಒಂದು ಅರ್ಜಿ ತುಂಬಿ ನೋಡಿದರೆ ಆಯಿತು.

ಇನ್ನು ಅಕ್ಷರದ ವಿಷಯ. ಇಲ್ಲಿ ಇಬ್ಬರ ನಡುವಿನ ಅಂತರವನ್ನು ಅಳತೆಗೋಲಿಟ್ಟು ಅಳೆಯಬಹುದು. ಡಿಸೈನರ್ ಪೆಟ್ಟಿಗೆಯ ಎತ್ತರ ನಿರ್ಧರಿಸುವಾಗ ಸಾಮಾನ್ಯವಾಗಿ ಅದರೊಳಗೆ ಇಂಗ್ಲಿಷ್ ಇರುತ್ತದೆ, ಇಲ್ಲವೇ ಸಿಸಿರೋನ ಲ್ಯಾಟಿನನ್ನು ಚೂರುಚೂರು ಮಾಡಿದ 'ಲೊರೆಮ್ ಇಪ್ಸಮ್' ಎಂಬ ತುಂಬುಗಂತೆ. ಲ್ಯಾಟಿನಿಗೆ ಒತ್ತಕ್ಷರ ಇಲ್ಲ. ಅದೇ ಪೆಟ್ಟಿಗೆಗೆ ಈ ಸೀಮೆಯ ಊರಹೆಸರು ತುಂಬಿ: ಪೆದ್ದಕಡಬೂರು, ಎಮ್ಮಿಗನೂರು, ಹಾಲಹರ್ವಿ, ಮಂತ್ರಾಲಯ. ದಕಾರದ ಒತ್ತು ಕೆಳಗಿನ ಗೆರೆಗೆ ತಾಗಿ ಕತ್ತರಿಸಿಹೋಗುತ್ತದೆ, ಮಂತ್ರಾಲಯದ ರಕಾರ ಮಾಯವಾಗಿ 'ಮಂತಾಲಯ'ದ ಹಾಗೆ ಕಾಣುತ್ತದೆ. 'ರಾಷ್ಟ್ರ' ಎಂದರೆ ಒತ್ತಿನ ಕೆಳಗೆ ಮತ್ತೊಂದು ಒತ್ತು. 'ಸಬ್‌ಮಿಟ್' ಎಂಬ ಇಂಗ್ಲಿಷ್ ಪದಕ್ಕೆ ಹೊಂದಿಸಿದ ಗುಂಡಿಯಲ್ಲಿ 'ಅರ್ಜಿ ಸಲ್ಲಿಸಿ' ಎಂಬುದು ಅರ್ಧಕ್ಕೆ ನಿಂತು ಮೂರು ಚುಕ್ಕಿ ಬೀಳುತ್ತದೆ. ಡೆವಲಪರ್ ಇದನ್ನು ಕಂಡರೂ ಸುಮ್ಮನಿರುತ್ತಾರೆ, ಏಕೆಂದರೆ ಅವರಿಗೆ ಸಿಕ್ಕ ಅಳತೆ ಅದೇ. ಬದಲಿಸಿದರೆ 'ಡಿಸೈನಿಗೆ ತಕ್ಕಂತಿಲ್ಲ' ಎಂಬ ದೂರಿನ ಟಿಕೆಟ್ ಬೀಳುತ್ತದೆ. ಡಿಸೈನರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಕನ್ನಡದ ಸಾಲುಗಳು ಅನುವಾದಕರ ಕೈಯಿಂದ ಎಕ್ಸೆಲ್ ಹಾಳೆಯಲ್ಲಿ ಬರುವುದು ಎಲ್ಲ ಮುಗಿದ ಮೇಲೆ.

ಕನ್ನಡದ ಓದುಗರಿಗೆ ಚಿರಪರಿಚಿತವಾದ ಇನ್ನೊಂದು ತೊಂದರೆ 'ರ‍್ಯಾಂಕ್', 'ರ‍್ಯಾಲಿ'ಗಳದ್ದು. ಯುನಿಕೋಡಿನಲ್ಲಿ ರಕಾರಕ್ಕೆ ಯಒತ್ತು ಸರಿಯಾಗಿ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಸಂಕೇತ ಇರಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ಕಾಣದ ಸಂಕೇತಗಳನ್ನು ಕಸವೆಂದು ಭಾವಿಸಿ ಗುಡಿಸಿಹಾಕುವುದು ಡೆವಲಪರ್‌ಗಳ ಒಳ್ಳೆಯ ಅಭ್ಯಾಸ, ಇಂಗ್ಲಿಷಿನ ಮಟ್ಟಿಗೆ. ಅದೇ ಒಳ್ಳೆಯ ಅಭ್ಯಾಸ ಇಲ್ಲಿ ಪದವನ್ನು ಕೆಡಿಸುತ್ತದೆ. ತೆಲುಗಿನವರು ಇದಕ್ಕಿಂತ ದೊಡ್ಡ ಪೆಟ್ಟು ಕಂಡಿದ್ದಾರೆ. 2018ರ ಫೆಬ್ರುವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದು ಕೂಡಕ್ಷರ ಐಫೋನಿಗೆ ಬಂದರೆ ಸಾಕು, ಅದನ್ನು ತೋರಿಸಹೊರಟ ಆ್ಯಪ್ ಕುಸಿದು ಬೀಳುತ್ತಿತ್ತು. ಆ್ಯಪಲ್ ಅದೇ ತಿಂಗಳು ಹೊಸ ಆವೃತ್ತಿ ಕಳಿಸಿ ಸರಿಮಾಡಬೇಕಾಯಿತು. ಜ್ಞಾನದ ಮೊದಲಕ್ಷರವೇ ಫೋನನ್ನು ಕೆಡವಿತು ಎಂದು ಆಗ ನಗೆಯಾಡಿದವರಿದ್ದರು. ಲಿಪಿಯನ್ನು ಬಲ್ಲವರು, ಅದನ್ನು ಮೂಡಿಸುವ ಕೋಡ್ ಬರೆಯುವವರು ದೂರದೂರ ಕೂತಾಗ ಆಗುವುದು ಹೀಗೆ.

ಕನ್ನಡದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಟೈಪ್‌ರೈಟರಿನ ಕೀಲಿಗಳಲ್ಲಿ ಅಕ್ಷರದ ತುಂಡುಗಳಿದ್ದವು. ಬೆರಳಚ್ಚುಗಾರರು ತುಂಡು ಜೋಡಿಸಿ ಅಕ್ಷರ ಕಟ್ಟಬೇಕಿತ್ತು. ಕಂಪ್ಯೂಟರ್ ಬಂದಾಗ ಅದನ್ನೇ ಹಾಗೆಯೇ ಒಳಗಿಳಿಸಬಹುದಿತ್ತು, ಹಲವರು ಇಳಿಸಿದರು ಕೂಡ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಬೇರೆ ದಾರಿ ಹಿಡಿದರು. ಮುದ್ರಣ, ಅಕ್ಷರ ಜೋಡಣೆಯ ಕಸುಬಿನಲ್ಲಿ ವರ್ಷಗಳನ್ನು ಕಳೆದಿದ್ದ ಅವರಿಗೆ ಅಕ್ಷರದ ರೂಪವೂ ಗೊತ್ತಿತ್ತು, ಯಂತ್ರದ ಒಳಗೂ ಗೊತ್ತಿತ್ತು. ಮನುಷ್ಯ ಉಚ್ಚಾರಣೆಯ ಕ್ರಮದಲ್ಲಿ ವ್ಯಂಜನ, ಸ್ವರ ಒತ್ತಲಿ, ಒತ್ತಕ್ಷರಕ್ಕೆ ಒಂದು ಕೂಡುಕೀಲಿ ಇರಲಿ, ರೂಪ ಕಟ್ಟುವ ಕೆಲಸ ಯಂತ್ರದ್ದಾಗಲಿ ಎಂದು ವಿನ್ಯಾಸ ಮಾಡಿದರು. ಮುಂದೆ ಕರ್ನಾಟಕ ಸರ್ಕಾರ ಶಿಷ್ಟ ಕೀಲಿಮಣೆಯೆಂದು ಒಪ್ಪಿದ್ದು, 'ನುಡಿ' ತಂತ್ರಾಂಶದಲ್ಲಿ ನಾವೆಲ್ಲ ಬಳಸಿದ್ದು ಈ ಜಾಡಿನದನ್ನೇ. ಮನುಷ್ಯನ ಪಾಲಿನ ಕೆಲಸ ಎಷ್ಟು, ಯಂತ್ರದ ಪಾಲಿನದು ಎಷ್ಟು ಎಂದು ಹಂಚುವುದೇ ಬಳಕೆದಾರರ ಅನುಭವದ ತಿರುಳು. ಅಲ್ಲಿ ಡಿಸೈನರೂ ಡೆವಲಪರೂ ಒಂದೇ ತಲೆಯಲ್ಲಿದ್ದರು, ಹ್ಯಾಂಡ್‌ಓವರ್ ಮಾಡಲು ಇನ್ನೊಬ್ಬರಿರಲಿಲ್ಲ.

ಒಂದೇ ತಲೆಯಲ್ಲಿ ಎರಡೂ ಕಸುಬು ಕೂಡುವುದು ಅಪರೂಪ ಎಂಬ ಮಾತು ಸರಿಯೇ. ಹಾಗಾದರೆ ಒಂದು ತಂಡದ ಉದಾಹರಣೆ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಒಂದು ಪ್ರತಿ ಸಿಗುವಂತೆ ತಾಲೂಕು ಕಚೇರಿಗಳಲ್ಲಿ ಕಿಯಾಸ್ಕ್ ತೆರೆದರು. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಮುಂದಾಳತ್ವ, ರಾಷ್ಟ್ರೀಯ ಮಾಹಿತಿ ಕೇಂದ್ರದವರ ಸಾಫ್ಟ್‌ವೇರ್. ಅದರ ಬಗ್ಗೆ ಎಷ್ಟೋ ವರದಿಗಳು ಬಂದಿವೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಎರಡು ಸಣ್ಣ ಸಂಗತಿ. ಸಿಬ್ಬಂದಿಯ ಪರದೆಯಲ್ಲದೆ ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು, ಒಳಗೆ ಏನು ನಡೆಯುತ್ತಿದೆಯೆಂದು ಅವನಿಗೂ ಕಾಣಲಿ ಎಂದು. ಮತ್ತೆ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ಸಾಫ್ಟ್‌ವೇರೇ ಕಟ್ಟು ಹಾಕಿತು. ಹಿಂದೆ ಬಂದವನ ಕಡತವನ್ನು ಮುಂದಕ್ಕೆ ಸರಿಸಲು ಬರುತ್ತಿರಲಿಲ್ಲ.

ಮೊದಲನೆಯದು ನೋಡುಗನ ಕಣ್ಣಿನಿಂದ ಹುಟ್ಟಿದ ವಿನ್ಯಾಸ. ಎರಡನೆಯದು ಯಾವ ಚಿತ್ರದಲ್ಲೂ ಕಾಣದ ಕೋಡಿನ ನಿಯಮ. ಆದರೆ ಬಡ ರೈತನಿಗೆ ಇವೆರಡರಲ್ಲಿ ಹೆಚ್ಚಿನ 'ಅನುಭವ' ಕೊಟ್ಟದ್ದು ಯಾವುದು? ನಾನಾದರೆ ಎರಡನೆಯದನ್ನೇ ಹೇಳುತ್ತೇನೆ. ಅನುಭವ ಎಂದರೆ ಪರದೆ, ಪರದೆ ಎಂದರೆ ಡಿಸೈನರ್, ಉಳಿದದ್ದು ಡೆವಲಪರ್ ಎಂಬ ಹಂಚಿಕೆಯನ್ನು ಈ ಸರದಿಯ ನಿಯಮವೊಂದೇ ಸುಳ್ಳು ಮಾಡುತ್ತದೆ. ಅಂಗಡಿಗಳಲ್ಲಿ 'ಐವತ್ತು ರೂಪಾಯಿ ಬಂದಿದೆ' ಎಂದು ಕೂಗುವ ಡಬ್ಬವೂ ಇದೇ ಜಾತಿಯದು. ಕೈ ಒದ್ದೆಯಾಗಿರುವ, ಕಣ್ಣು ತಕ್ಕಡಿಯ ಮೇಲಿರುವ ವ್ಯಾಪಾರಿಗೆ ಪರದೆಯೇ ಬೇಕಿಲ್ಲ ಎಂದು ಯಾರೋ ಗಮನಿಸಿದರು, ಸಿಮ್, ಸ್ಪೀಕರ್, ಪಾವತಿಯ ವ್ಯವಸ್ಥೆ ಮೂರನ್ನೂ ಬಲ್ಲ ಇನ್ಯಾರೋ ಅದನ್ನು ಆಗುಮಾಡಿದರು.

ಇಬ್ಬರೂ ಕೂಡಿ ಕೆಲಸ ಮಾಡಬೇಕೆಂಬುದಕ್ಕೆ ಇರುವ ಎದುರು ವಾದಗಳಿಗೆ ತೂಕವಿಲ್ಲದಿಲ್ಲ. ಡಿಸೈನರಿಗೆ ಕೋಡ್ ಕಲಿಸುವುದು, ಡೆವಲಪರಿಗೆ ಬಣ್ಣದ ಶಾಸ್ತ್ರ ಕಲಿಸುವುದು ಇಬ್ಬರನ್ನೂ ಅರೆಬರೆ ಮಾಡುತ್ತದೆ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಇಬ್ಬರೂ ಒಂದೇ ಆಗಬೇಕಿಲ್ಲ. ಆದರೆ ಒಬ್ಬರ ಸಾಮಗ್ರಿ ಇನ್ನೊಬ್ಬರಿಗೆ ಗೊತ್ತಿರಬೇಕು. ಆದೋನಿಯಿಂದ ಅನತಿ ದೂರದ ಎಮ್ಮಿಗನೂರು ಮಗ್ಗದ ಊರು. ಅಲ್ಲಿಯ ನೇಕಾರರ ಸಹಕಾರ ಸಂಘ ಕಟ್ಟಿದ ಮಾಚಾನಿ ಸೋಮಪ್ಪನವರಿಗೆ 1954ರಲ್ಲೇ ಪದ್ಮಶ್ರೀ ಬಂದಿತ್ತು. ಜಕಾರ್ಡ್ ಮಗ್ಗದಲ್ಲಿ ಹೂವಿನ ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಇಳಿಸುವವನೊಬ್ಬ, ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುವವನೊಬ್ಬ, ನೇಯುವವನು ಮತ್ತೊಬ್ಬ. ಹಾಳೆಯ ಒಂದೊಂದು ಚೌಕವೂ ಹಾಸು, ಹೊಕ್ಕಿನ ಎಳೆಗಳು ಕೂಡುವ ಒಂದೊಂದು ಜಾಗ. ಮಗ್ಗದಲ್ಲಿರುವ ಕೊಕ್ಕೆಗಳ ಲೆಕ್ಕ ಮೀರಿ ಹೂ ಬರೆದರೆ ಅದು ಹಾಳೆಯ ಮೇಲೇ ಉಳಿಯುತ್ತದೆ. ಚಿತ್ರಕಾರ ನೇಯಲು ಕಲಿಯಬೇಕಿಲ್ಲ, ಕೊಕ್ಕೆಯ ಲೆಕ್ಕ ಕಲಿಯಲೇಬೇಕು. ಆ ರಟ್ಟಿನ ತೂತುಗಳೇ ಮುಂದೆ ಕಂಪ್ಯೂಟರಿನ ಪಂಚ್ ಕಾರ್ಡಿಗೆ ದಾರಿಯಾದವು ಎಂಬುದು ಗೊತ್ತಿರುವ ಸಂಗತಿ. ಎರಡು ಕಸುಬು ಬೇರೆಯಾಗಿದ್ದೂ ಒಂದೇ ಹಾಳೆಯ ಮೇಲೆ ಹೇಗೆ ಕೂಡಬೇಕೆಂಬುದನ್ನು ಮಾತ್ರ ಕಂಪ್ಯೂಟರಿನವರು ತಮ್ಮೊಡನೆ ಒಯ್ಯಲಿಲ್ಲ.

ಎರಡನೆಯ ಆಕ್ಷೇಪ: ಎಲ್ಲರೂ ಸೇರಿ ಕೂತರೆ ಬರೀ ಸಭೆ, ಕೆಲಸವಿಲ್ಲ. ಇದೂ ಕಂಡ ಸತ್ಯ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಮಂದಿ ಸಾಫ್ಟ್‌ವೇರ್ ಕಸುಬಿನವರು ಸೇರಿ 'ಅಜೈಲ್' ಪ್ರಣಾಳಿಕೆ ಬರೆದದ್ದು ಕಡತದ ಹೊರೆ ಇಳಿಸಿ ಮಾತುಕತೆ ಹೆಚ್ಚಿಸಲು. ನಮ್ಮ ಕಚೇರಿಗಳಲ್ಲಿ ಅದು ಪ್ರತಿ ಬೆಳಿಗ್ಗೆ ನಿಂತುಕೊಂಡು ವರದಿ ಒಪ್ಪಿಸುವ ಇನ್ನೊಂದು ಶಿಸ್ತಾಯಿತು. ಬೇಕಿರುವುದು ಹೆಚ್ಚು ಸಭೆಗಳಲ್ಲ. ಕೆಲಸ ಕೆಡುವ ಸಂದರ್ಭಗಳ ಪಟ್ಟಿಯನ್ನು ಇಬ್ಬರೂ ಒಟ್ಟಿಗೆ, ಮೊದಲೇ ಬರೆಯಬೇಕು; ಪ್ರತಿ ಪರದೆಯ ಪಕ್ಕದಲ್ಲಿ ಅದು ಮುರಿದಾಗಿನ ಪರದೆಯನ್ನೂ ಇಡಬೇಕು. ಬ್ರಿಟನ್ ಸರ್ಕಾರ 2011ರಲ್ಲಿ ತನ್ನ ಡಿಜಿಟಲ್ ಸೇವಾ ಘಟಕ ಕಟ್ಟಿದಾಗ ಡಿಸೈನರ್, ಡೆವಲಪರ್, ಬರವಣಿಗೆಯವರನ್ನು ಒಂದೇ ತಂಡದಲ್ಲಿ ಕೂರಿಸಿತು. ಮುಂದಿನ ವರ್ಷವೇ ಹಳೆಯ ಜಾಲತಾಣಗಳ ಜಾಗಕ್ಕೆ ಒಂದು ಸರಳ ತಾಣ ಬಂತು. ಬರವಣಿಗೆಯವರು ಎಂಬುದನ್ನು ಗಮನಿಸಿ. ನಮ್ಮಲ್ಲಿ ಎಲ್ಲ ಮುಗಿದ ಮೇಲೆ ಎಕ್ಸೆಲ್ ಹಾಳೆ ಹಿಡಿದು ಬರುವ ಅನುವಾದಕರ ಜಾಗ ಅದು.

ನಮ್ಮ ನಿಜವಾದ ಗೋಡೆ ಮನಸ್ಸಿನದಲ್ಲ, ಟೆಂಡರಿನದು. ಸರ್ಕಾರಿ ಗುತ್ತಿಗೆಯಲ್ಲಿ ಇಷ್ಟು ಪರದೆ, ಇಷ್ಟು ವರದಿ, ಇಷ್ಟು ದಿನ ಎಂದು ಬರೆದಿರುತ್ತದೆ. ಕಡಿಮೆ ದರ ಹಾಕಿದವರಿಗೆ ಕೆಲಸ. ಪರದೆಗಳಿಗೆ ಸಹಿ ಬಿದ್ದ ದಿನ ಡಿಸೈನರ್‌ನ ಲೆಕ್ಕ ಚುಕ್ತಾ. ಆಮೇಲೆ ಡೆವಲಪರ್ ಹಳ್ಳಿಯ ಕಷ್ಟವೊಂದನ್ನು ಕಂಡು ಬದಲಾವಣೆ ಬೇಕೆಂದರೆ ಅದು 'ಚೇಂಜ್ ರಿಕ್ವೆಸ್ಟ್', ಅದಕ್ಕೆ ಬೇರೆ ದುಡ್ಡು, ಬೇರೆ ಕಡತ. ಉದ್ಯೋಗ ಖಾತ್ರಿಯ ಹಾಜರಿ ಆ್ಯಪಿನ ಕತೆ ನೆನಪಿರಬಹುದು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಅದು ಕಡ್ಡಾಯವಾಯಿತು: ಕೂಲಿಯವರ ಫೋಟೊ ದಿನಕ್ಕೆರಡು ಸಲ, ಸ್ಥಳದ ಗುರುತಿನ ಸಮೇತ. ಫೋಟೊ ಏರಲಿಲ್ಲ ಎಂದರೆ ಅಗೆದ ಮಣ್ಣು ಸುಳ್ಳೇ? ಈ ಪ್ರಶ್ನೆಯನ್ನು ಡಿಸೈನರೋ ಡೆವಲಪರೋ ಮೊದಲ ವಾರ ಕೇಳಬೇಕಿತ್ತು; ಕೊನೆಗೆ ಕೇಳಿದವರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತ ಕೂಲಿಕಾರರು. ಕೋಸಿಗಿ, ಹೊಳಗುಂದದಂಥ ಕಡೆಗಳಿಂದ ಪ್ರತಿವರ್ಷ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನತ್ತ, ಗಾರೆ ಕೆಲಸಕ್ಕೆ ಬೆಂಗಳೂರಿನತ್ತ ಗುಳೆ ಹೋಗುವ ಮನೆಗಳಿಗೆ ಒಂದು ದಿನದ ಹಾಜರಿ ಎಂದರೆ ಏನೆಂದು ವಿವರಿಸಬೇಕಿಲ್ಲ.

ಅದೇ ಮನೆಗಳ, ಅದೇ ಊರುಗಳ ಇನ್ನೊಂದು ತಲೆಮಾರು ಬೆಂಗಳೂರಿಗೆ, ಹೈದರಾಬಾದಿಗೆ ಲ್ಯಾಪ್‌ಟಾಪ್ ಹಿಡಿದು ಹೋಗುತ್ತಿದೆ. ಕನ್ನಡ ಶಾಲೆಯಲ್ಲಿ ಕಲಿತು, ತೆಲುಗಿನಲ್ಲಿ ವ್ಯವಹರಿಸಿ, ಇಂಗ್ಲಿಷಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಈಗ ಕೋಡ್ ಬರೆಯುತ್ತಿರುವ ಹುಡುಗ ಹುಡುಗಿಯರು. ಈರಣ್ಣನ ಮೂರು ಹೆಸರೂ, ಹತ್ತಿಯ ತೇವವೂ, ಒಂದು ಫೋನಿಗೆ ನಾಲ್ಕು ಮನೆಯೂ ಅವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಆ ತಿಳಿವಳಿಕೆ ಕೆಲಸಕ್ಕೆ ಬರುವ ಬಾಗಿಲು ಅವರ ಹುದ್ದೆಯಲ್ಲಿ ಇಲ್ಲ. ಬಳಕೆದಾರರ ಬಗ್ಗೆ ಮಾತಾಡುವುದು ಡಿಸೈನ್ ವಿಭಾಗದ ಹಕ್ಕು. ಡೆವಲಪರ್ ಟಿಕೆಟ್ ಮುಗಿಸಿದರೆ ಸಾಕು. ಮಹಾನಗರದಲ್ಲಿ ಬೆಳೆದ ಡಿಸೈನರ್ ಊಹಿಸಿದ ರೈತ ಪರದೆಯ ಮೇಲೆ ಬರುತ್ತಾನೆ, ನಿಜವಾದ ರೈತನ ಮಗ ಅದಕ್ಕೆ ಮಾತಿಲ್ಲದೆ ಕೋಡ್ ಬರೆಯುತ್ತಾನೆ. ಡಿಸೈನರ್‌ಗಳನ್ನು ದೂಷಿಸುವ ಮಾತಲ್ಲ ಇದು. ಬಹಳಷ್ಟು ಡಿಸೈನರ್‌ಗಳು ಹಳ್ಳಿಗೆ ಹೋಗಿ ನೋಡಬೇಕೆಂದು ಕೇಳಿ, ಅದಕ್ಕೆ ದುಡ್ಡಿಲ್ಲ ಎಂಬ ಉತ್ತರ ಪಡೆದವರೇ. ಬಳಕೆದಾರರನ್ನು ಬಲ್ಲವರು ಯಾರು ಎಂಬುದನ್ನು ಹುದ್ದೆಯ ಹೆಸರು ನೋಡಿ ಹೇಳಲಾಗದು ಎಂಬುದಷ್ಟೇ ನನ್ನ ವಾದ. ಇಬ್ಬರೂ ಒಟ್ಟಿಗೆ ಕೂತು ಕೆಲಸ ಮಾಡಬೇಕು ಎನ್ನಲು ಇದಕ್ಕಿಂತ ಬಲವಾದ ಕಾರಣ ನನಗೆ ಸಿಕ್ಕಿಲ್ಲ.

ಆದ್ದರಿಂದ ಟೆಂಡರ್ ಬರೆಯುವ ಅಧಿಕಾರಿಗಳಲ್ಲಿ ಒಂದು ಕೇಳಿಕೆ. ಮುಂದಿನ ಹಂಗಾಮಿನ ಆ್ಯಪಿಗೆ ಶರತ್ತು ಬರೆಯುವಾಗ ಪರದೆಗಳ ಲೆಕ್ಕದ ಕೆಳಗೆ ಇನ್ನೆರಡು ಸಾಲು ಸೇರಿಸಿ. ಒಂದು, ಊರಿನ ಭಾಷೆಯನ್ನು ರಾಜ್ಯದಿಂದ ಊಹಿಸಬಾರದು, ಬಳಸುವವರನ್ನೇ ಕೇಳಬೇಕು. ಇನ್ನೊಂದು, ಕೊನೆಯ ಕಂತು ಬಿಡುಗಡೆಯಾಗುವ ಮುಂಚೆ ಡಿಸೈನರ್ ಮತ್ತು ಡೆವಲಪರ್ ಇಬ್ಬರೂ ಹತ್ತಿ ಬರುವ ದಿನಗಳಲ್ಲಿ ಆದೋನಿಯ ಯಾರ್ಡಿನಲ್ಲಿ ನಿಂತು, ತಾವು ಕಟ್ಟಿದ್ದನ್ನು ಬೇರೆಯವರ ಕೈಯಲ್ಲಿ, ಬೇರೆಯವರ ಹಳೆಯ ಫೋನಿನಲ್ಲಿ ನೋಡಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಅಲ್ಲಿಗೆ ಒಂದೇ ರಾತ್ರಿಯ ದಾರಿ; ಇಬ್ಬರಿಗೂ ಟಿಕೆಟ್ ತೆಗೆಸಿಕೊಡಿ.